ಪೆಟ್ರೋಲ್ ವಾಸನೆಯ ಬೆನ್ನು ಹತ್ತಿದರೆ

ಬಂಕ್‌ನಲ್ಲಿ ಫುಲ್ ಟ್ಯಾಂಕ್ ಹಾಕಿಸುವಾಗ ಪೆಟ್ರೋಲ್ ಪೈಪ್ ಒಂದು ಹಂತದಲ್ಲಿ 'ಟಕ್' ಎಂದು ತಾನೇ ನಿಲ್ಲುತ್ತದೆ. ಮೀಟರ್‌ನಲ್ಲಿ 2,463 ರೂಪಾಯಿ ತೋರಿಸುತ್ತಿರುತ್ತದೆ. 'ರೌಂಡ್ ಮಾಡ್ರಿ, 2,500 ಆಗ್ಲಿ' ಎನ್ನುತ್ತೇವೆ. ಬಂಕ್ ಹುಡುಗ ಪೈಪನ್ನು ಸ್ವಲ್ಪ ಮೇಲೆತ್ತಿ, ಒತ್ತಿ ಒತ್ತಿ ಇನ್ನೂ 37 ರೂಪಾಯಿಯ ಪೆಟ್ರೋಲ್ ತುಂಬುತ್ತಾನೆ. ಚಿಲ್ಲರೆ ತಾಪತ್ರಯ ತಪ್ಪಿತೆಂದು ನಮಗೂ ಸಮಾಧಾನ.

ಆದರೆ ಆ 37 ರೂಪಾಯಿಯ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ? ಎಲ್ಲವೂ ಟ್ಯಾಂಕ್‌ನಲ್ಲೇ ಉಳಿಯುತ್ತದೆ ಎನ್ನುವಂತಿಲ್ಲ. ಒಂದು ಪಾಲು ಹೋಗಬಾರದ ಜಾಗಕ್ಕೆ ಹೋಗಿ, ಕೆಲವು ತಿಂಗಳ ನಂತರ ಸಾವಿರಾರು ರೂಪಾಯಿಯ ರಿಪೇರಿಯಾಗಿ ಹೊರಗೆ ಬರಬಹುದು. ಆ ಜಾಗದ ಹೆಸರು ಚಾರ್ಕೋಲ್ ಕ್ಯಾನಿಸ್ಟರ್. ಸರಳವಾಗಿ ಹೇಳುವುದಾದರೆ ಇದ್ದಿಲಿನ ಡಬ್ಬಿ. ನಿಮ್ಮ ಮನೆಯಲ್ಲಿ ಈಚಿನ ಪೆಟ್ರೋಲ್ ಕಾರು ಇದ್ದರೆ ಅದರಲ್ಲಿ ಈ ಡಬ್ಬಿ ಇದ್ದೇ ಇದೆ. ಬಿಎಸ್-6 ಬೈಕು, ಸ್ಕೂಟರ್‌ಗಳಲ್ಲೂ ಇದೆ. ಆದರೂ ಓಡಿಸುವ ಬಹಳಷ್ಟು ಜನ ಇದರ ಹೆಸರನ್ನೇ ಕೇಳಿಲ್ಲ.

ನಾನು ಸಂಗೊಳ್ಳಿಯವನು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಬೈಲಹೊಂಗಲದ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಅಲ್ಲಿ ಕಂಡ ಒಂದು ಗಾಡಿಯ ಕತೆಯನ್ನೂ, ಅದರ ಹಿಂದಿನ ವಿಜ್ಞಾನವನ್ನೂ ಕೆಲಸ ಹುಡುಕುತ್ತಿರುವ ನನ್ನಂಥ ಗೆಳೆಯರ ಮುಂದಿಡಬೇಕು ಅನ್ನಿಸಿತು.

ಹೊಗೆ ಒಂದೇ ಅಲ್ಲ

ಗಾಡಿಯಿಂದ ಮಾಲಿನ್ಯ ಎಂದರೆ ನಮಗೆ ನೆನಪಾಗುವುದು ಸೈಲೆನ್ಸರ್ ಹೊಗೆ. ಆದರೆ ಪೆಟ್ರೋಲ್ ಕಾರು ಎಂಜಿನ್ ಬಂದ್ ಆಗಿ ಮರದ ನೆರಳಲ್ಲಿ ನಿಂತಾಗಲೂ ಗಾಳಿ ಕೆಡಿಸಬಲ್ಲದು. ಪೆಟ್ರೋಲ್ ಬೇಗ ಆವಿಯಾಗುವ ದ್ರವ. ಬಿಸಿಲಿಗೆ ಟ್ಯಾಂಕ್ ಕಾದರೆ ಒಳಗಿನ ಆವಿಯ ಒತ್ತಡ ಏರುತ್ತದೆ. ಹಳೆಯ ಗಾಡಿಗಳಲ್ಲಿ ಆ ಆವಿ ನೇರವಾಗಿ ಹೊರಗೆ ಹೋಗುತ್ತಿತ್ತು.

ಇದರಿಂದ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ಮೊದಲು ಪಾಠ ಮಾಡಿದ್ದು ಅಮೆರಿಕದ ಲಾಸ್ ಏಂಜಲೀಸ್ ನಗರ. ಅಲ್ಲಿ ಕಣ್ಣುರಿಸುವ ಮಬ್ಬು ಹೊಗೆ ಕವಿಯುತ್ತಿತ್ತು. 1950ರ ದಶಕದ ಆರಂಭದಲ್ಲಿ ಏರಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ಅದರ ಗುಟ್ಟು ಬಿಡಿಸಿದರು. ಪೆಟ್ರೋಲ್ ಆವಿಯಲ್ಲಿರುವ ಹೈಡ್ರೋಕಾರ್ಬನ್‌ಗಳು ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತವೆ ಎಂದು ತೋರಿಸಿದರು. ಮೇಲಿನ ಆಕಾಶದಲ್ಲಿ ನಮ್ಮನ್ನು ಕಾಯುವ ಓಝೋನ್, ಉಸಿರಾಡುವ ಗಾಳಿಯಲ್ಲಿದ್ದರೆ ಶ್ವಾಸಕೋಶಕ್ಕೂ ಬೆಳೆಗೂ ಕೆಟ್ಟದ್ದು. ಕ್ಯಾಲಿಫೋರ್ನಿಯಾ 1970ರ ಮಾದರಿಯ ಕಾರುಗಳಿಂದ ಆವಿ ತಡೆಯುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಮರುವರ್ಷ ಇಡೀ ಅಮೆರಿಕಕ್ಕೆ ಆ ನಿಯಮ ಬಂತು.

ನಮ್ಮಲ್ಲಿ ಭಾರತ್ ಸ್ಟೇಜ್ ನಿಯಮಗಳ ಮೂಲಕ ಇದು ಬಂದಿದೆ. ಬಿಎಸ್-4 ದೇಶದಾದ್ಯಂತ 2017ರ ಏಪ್ರಿಲ್ 1ರಿಂದ, ಬಿಎಸ್-6 2020ರ ಏಪ್ರಿಲ್ 1ರಿಂದ ಜಾರಿಯಾದವು. ಹೊಸ ಮಾದರಿಯ ಕಾರಿಗೆ ಒಪ್ಪಿಗೆ ಕೊಡುವ ಮೊದಲು ಅದನ್ನು ಗಾಳಿಯಾಡದ ಕೋಣೆಯಲ್ಲಿ ನಿಲ್ಲಿಸಿ, ಅದರಿಂದ ಎಷ್ಟು ಆವಿ ಬಂತೆಂದು ಅಳೆಯುತ್ತಾರೆ. ಇಡೀ ಪರೀಕ್ಷೆಯಲ್ಲಿ 2 ಗ್ರಾಂ ಮೀರುವಂತಿಲ್ಲ. ಟ್ಯಾಂಕ್ ತುಂಬ ಪೆಟ್ರೋಲ್ ಇರುವ ಕಾರಿಗೆ ಬರೀ 2 ಗ್ರಾಂ! ಈ ಲೆಕ್ಕ ಸಾಧ್ಯವಾಗಿರುವುದು ಆ ಇದ್ದಿಲಿನ ಡಬ್ಬಿಯಿಂದ.

ಡಬ್ಬಿಯೊಳಗೆ ಹತ್ತು ಗುಂಟೆ

ಈ ಡಬ್ಬಿಯಲ್ಲಿರುವುದು ಒಲೆಯ ಇದ್ದಿಲಲ್ಲ, ಸಕ್ರಿಯ ಇಂಗಾಲ. ಮರ, ತೆಂಗಿನ ಚಿಪ್ಪು ಮುಂತಾದವುಗಳನ್ನು ವಿಶೇಷವಾಗಿ ಸುಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಏಳುವಂತೆ ಮಾಡಿರುತ್ತಾರೆ. ಒಂದೇ ಒಂದು ಗ್ರಾಂ ಇಂಗಾಲದ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ, ಅಂದರೆ ಕಾಲು ಎಕರೆ ಹೊಲ! ಆ ಹೊಲದ ಮೇಲೆಲ್ಲ ಪೆಟ್ರೋಲ್ ಆವಿಯ ಕಣಗಳು ಅಂಟಿ ಕೂರುತ್ತವೆ.

ಗಾಡಿ ನಿಂತಾಗ ಟ್ಯಾಂಕ್‌ನ ಆವಿ ಒಂದು ಪೈಪಿನಲ್ಲಿ ಈ ಡಬ್ಬಿಗೆ ಬಂದು ಶೇಖರವಾಗುತ್ತದೆ. ಡಬ್ಬಿಯಿಂದ ಎಂಜಿನ್‌ಗೆ ಇನ್ನೊಂದು ಪೈಪ್. ಅದರ ನಡುವೆ ಪರ್ಜ್ ವಾಲ್ವ್ ಎಂಬ ಪುಟ್ಟ ವಿದ್ಯುತ್ ಬಾಗಿಲು. ಗಾಡಿ ಬಿಸಿಯಾಗಿ ಓಡತೊಡಗಿದಾಗ ಎಂಜಿನ್ ಕಂಪ್ಯೂಟರ್, ಅಂದರೆ ಇಸಿಎಂ, ಈ ಬಾಗಿಲನ್ನು ಬೇಕಾದಷ್ಟೇ ತೆರೆಯುತ್ತದೆ. ಎಂಜಿನ್ ಎಳೆತಕ್ಕೆ ಡಬ್ಬಿಯ ಮೂರನೇ ಬಾಯಿಯಿಂದ ಹೊರಗಿನ ಗಾಳಿ ಒಳನುಗ್ಗಿ, ಇದ್ದಿಲಿಗೆ ಅಂಟಿದ ಆವಿಯನ್ನು ಕೆರೆದುಕೊಂಡು ಎಂಜಿನ್‌ಗೆ ಹೋಗಿ ಸುಡುತ್ತದೆ. ಹೊರಗೆ ಹೋಗಿ ಹಾಳಾಗುತ್ತಿದ್ದ ಪೆಟ್ರೋಲ್ ಮತ್ತೆ ಗಾಡಿಯನ್ನೇ ಓಡಿಸುತ್ತದೆ.

ಒಂದು ಮಾತು ನೆನಪಿರಲಿ. ಇದ್ದಿಲು ಆವಿಯನ್ನು ಹಿಡಿದು ಬಿಡಬಲ್ಲದು, ಆದರೆ ಪೆಟ್ರೋಲ್ ದ್ರವವಾಗಿ ಬಂದು ತೋಯಿಸಿದರೆ ಅದಕ್ಕೆ ತಡೆಯಲಾಗದು. ಆಟೊ ಕಟ್ ಆದ ಮೇಲೆ ಒತ್ತಿ ತುಂಬಿಸಿದರೆ ಆವಿಗೆಂದು ಬಿಟ್ಟ ಮೇಲಿನ ಜಾಗಕ್ಕೆ ಪೆಟ್ರೋಲ್ ಏರಿ, ಆವಿಯ ಪೈಪಿನಲ್ಲಿ ಹರಿದು ಡಬ್ಬಿಗೆ ಇಳಿಯುವ ಅಪಾಯ ಇರುವುದು ಇದೇ ಕಾರಣಕ್ಕೆ.

ಎಲ್ಲೋ ಪಂಪ್, ಎಲ್ಲೋ ರೋಗ

ಈಗ ಗಾಡಿಯ ಕತೆ. ನಮ್ಮೂರಿನ ಕಡೆಯ ಕಾಕಾ ಒಬ್ಬರು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಕೊಂಡು ಹಳದಿ ಬೋರ್ಡ್ ಹಾಕಿ ಬಾಡಿಗೆ ಓಡಿಸುತ್ತಾರೆ. ಹುಣ್ಣಿಮೆ ಬಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡ, ಉಳಿದ ದಿನ ಬೆಳಗಾವಿ ಆಸ್ಪತ್ರೆ, ರಾಮದುರ್ಗದ ಮದುವೆ, ಕಿತ್ತೂರು ಕೋಟೆ ಹೀಗೆ. ಕಾರಿನ ಸಾಲದ ಕಂತು, ಮಗಳ ಪಿಯುಸಿ ಫೀ ಎರಡೂ ಇದೇ ಗಾಡಿಯ ಮೇಲೆ.

ಗಾಡಿಗೆ ಒಂದು ವಿಚಿತ್ರ ರೋಗ ಹತ್ತಿತ್ತು. ಆಗಾಗ ಚಾಲೂ ಆಗುತ್ತಿರಲಿಲ್ಲ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದರೆ ಕೆಮ್ಮಿ ಕೆಮ್ಮಿ ಚಾಲೂ ಆಗುತ್ತಿತ್ತು. ನಿಂತಲ್ಲಿ ನಡುಕ, ಹಿಂದಿನ ಸೀಟಿನಲ್ಲಿ ಪೆಟ್ರೋಲ್ ವಾಸನೆ, ಮುಂದೆ ಚೆಕ್ ಎಂಜಿನ್ ಲೈಟ್. ವಾಸನೆಗೆ ಗಿರಾಕಿಗಳು ಮೂಗು ಮುಚ್ಚುತ್ತಿದ್ದರು. ಒಂದು ಕಡೆ ಪೆಟ್ರೋಲ್ ಪಂಪ್ ಬದಲಿಸಿದ್ದರು, ರೋಗ ಹೋಗಲಿಲ್ಲ. ಮುಂದೆ ಇಂಜೆಕ್ಟರ್, ಅದಾದರೂ ಆಗದಿದ್ದರೆ ಇಸಿಎಂ ಎಂದಿದ್ದರಂತೆ. ಕಾಕಾ ಗಾಡಿ ಮಾರುವ ಯೋಚನೆಗೆ ಬಂದಿದ್ದರು.

ನಮ್ಮ ಮಿಸ್ತ್ರಿ ಸ್ಪ್ಯಾನರ್ ಹಿಡಿಯಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿದರು: "ಕಾಕಾ, ಯಾವಾಗ ಚಾಲೂ ಆಗೂದಿಲ್ರಿ? ಮುಂಜಾನೆ? ಬಿಸಿ ಆದಾಗ?"

ಕಾಕಾ ಸ್ವಲ್ಪ ಯೋಚಿಸಿ ಹೇಳಿದರು: "ಹಂಗೇನಿಲ್ಲಪಾ. ಬಂಕಿಗೆ ಹೋಗಿ ಟಾಕಿ ಫುಲ್ ಮಾಡಿಸಿದ ಮ್ಯಾಲ ಕೈ ಕೊಡತೈತಿ ನೋಡು. ಹಿಂದ ಗಾಡಿಯವ್ರು ಹಾರನ್ ಹೊಡಿತಾರ, ಇದು ಹತ್ತವಲ್ದು."

ಅರ್ಧ ರೋಗ ಅಲ್ಲೇ ಸಿಕ್ಕಿತ್ತು. ಪಂಪ್ ದುರ್ಬಲವಾಗಿದ್ದರೆ ಟ್ಯಾಂಕ್ ತುಂಬಿದಾಗ ಮಾತ್ರ ತೊಂದರೆ ಕೊಡಲು ಕಾರಣವಿಲ್ಲ. ಟ್ಯಾಂಕ್ ತುಂಬುವಾಗ ಬದಲಾಗುವುದು ಇನ್ನೊಂದು: ಮೇಲೇರುವ ಪೆಟ್ರೋಲ್ ಒಳಗಿದ್ದ ಆವಿಯನ್ನು ತಳ್ಳುತ್ತದೆ. ಆ ಆವಿ ಹೋಗುವುದು ಡಬ್ಬಿಗೆ. ಪರ್ಜ್ ವಾಲ್ವ್ ಮುಚ್ಚಿದ್ದರೆ ಅಲ್ಲಿಗೆ ನಿಲ್ಲಬೇಕು. ತೆರೆದೇ ಉಳಿದಿದ್ದರೆ ಎಂಜಿನ್ ಬಾಯಿಗೆ ಆವಿ ತುಂಬಿಕೊಳ್ಳುತ್ತದೆ. ಆಗ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು. ಕಿಡಿ ಹಾರಿದರೂ ಎಂಜಿನ್ ಹತ್ತುವುದು ಕಷ್ಟ. ಆಕ್ಸಿಲರೇಟರ್ ತುಳಿದಾಗ ಹೆಚ್ಚು ಗಾಳಿ ಬರುತ್ತದೆ, ಅದಕ್ಕೇ ಆಗ ಚಾಲೂ ಆಗುತ್ತಿತ್ತು.

ಊಹೆ ಸರಿ ಇರಬಹುದು. ಆದರೆ ಊಹೆಯ ಮೇಲೆ ಸಾಮಾನು ಬದಲಿಸಿದರೆ ಪಂಪಿನ ಕತೆಯೇ ಮತ್ತೆ ಆಗುತ್ತದೆ. ಆದ್ದರಿಂದ ಒಂದೊಂದೇ ಪರೀಕ್ಷೆ ನಡೆಯಿತು.

ಮೊದಲನೆಯದು ಸ್ಕ್ಯಾನರ್. ಪಿ0172 ಎಂಬ ಕೋಡ್ ಬಂತು. 'ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ' ಎಂದಷ್ಟೇ ಅದರ ಅರ್ಥ. ಏಕೆ ಹೆಚ್ಚಾಗಿದೆ ಎಂದು ಕೋಡ್ ಹೇಳುವುದಿಲ್ಲ. ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ ಎಂಬ ಅಂಕಿ ಮೈನಸ್ 20ರ ಹತ್ತಿರ ಇತ್ತು. ಎಲ್ಲಿಂದಲೋ ಬರುತ್ತಿರುವ ಹೆಚ್ಚುವರಿ ಪೆಟ್ರೋಲ್ ಸರಿದೂಗಿಸಲು ಇಸಿಎಂ ಇಂಜೆಕ್ಟರ್ ಪಾಲನ್ನು ಶೇ 20ರಷ್ಟು ಕಡಿತ ಮಾಡುತ್ತಿದೆ ಎಂದರ್ಥ.

ಎರಡನೆಯದು ಪರ್ಜ್ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಹಿಸುಕಿ ಹಿಡಿಯುವುದು. ನೋಡುತ್ತಿದ್ದಂತೆ ಅಂಕಿ ಸೊನ್ನೆಯ ಕಡೆ ಬಂತು, ನಡುಕ ನಿಂತಿತು. ಬಿಟ್ಟರೆ ಮತ್ತೆ ಮೈನಸ್. ಹೆಚ್ಚುವರಿ ಪೆಟ್ರೋಲ್ ಈ ದಾರಿಯಿಂದಲೇ ಬರುತ್ತಿದೆ ಎಂಬುದು ಖಾತ್ರಿ.

ಮೂರನೆಯದು ವಾಲ್ವ್‌ನ ವಯರ್ ಪ್ಲಗ್ ತೆಗೆಯುವುದು. ಇಸಿಎಂ ತಪ್ಪಾಗಿ ತೆರೆಯುತ್ತಿದ್ದರೆ ವಿದ್ಯುತ್ ತಪ್ಪಿದ ತಕ್ಷಣ ವಾಲ್ವ್ ಮುಚ್ಚಬೇಕಿತ್ತು. ಅಂಕಿ ಕದಲಲಿಲ್ಲ. ಅಂದರೆ ಇಸಿಎಂ ಒಳ್ಳೆಯದೇ. ವಾಲ್ವ್ ಒಳಗೇ ಸಿಕ್ಕಿಕೊಂಡಿದೆ.

ನಾಲ್ಕನೆಯದು ವಾಲ್ವ್ ಬಿಚ್ಚಿ, ವಿದ್ಯುತ್ ಕೊಡದೆ ಕೈ ವ್ಯಾಕ್ಯೂಮ್ ಪಂಪ್ ಹಚ್ಚುವುದು. ಒಳ್ಳೆಯ ವಾಲ್ವ್ ಆಗಿದ್ದರೆ ಎಳೆತ ಹಿಡಿದು ನಿಲ್ಲಬೇಕು. ಇಲ್ಲಿ ಮುಳ್ಳು ಏರಲೇ ಇಲ್ಲ.

ಹೊಸ ವಾಲ್ವ್ ಹಾಕಿ ಕಳಿಸಿದ್ದರೆ ಕಾಕಾ ಅಂದು ಖುಷಿಯಿಂದಲೇ ಹೋಗುತ್ತಿದ್ದರು. ಆದರೆ ಮಿಸ್ತ್ರಿ ಹಳೆಯ ವಾಲ್ವನ್ನು ಬಿಳಿ ಕಾಗದದ ಮೇಲೆ ಕುಟ್ಟಿದರು. ಸಾಸಿವೆಗಿಂತ ಸಣ್ಣ ಕರಿ ಕಾಳುಗಳು ಉದುರಿದವು. "ನೋಡು ತಮ್ಮಾ, ವಾಲ್ವ್ ತಾನ ಸತ್ತಿಲ್ಲ, ಇದನ್ನ ಕೊಂದವ್ರು ಬ್ಯಾರೆ ಅದಾರ" ಎಂದರು. ಟ್ಯಾಂಕ್ ಪಕ್ಕದ ಡಬ್ಬಿ ಬಿಚ್ಚಿದರೆ ಕೈಗೆ ಭಾರ. ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುತ್ತಿತ್ತು. ಇದ್ದಿಲು ತೋಯ್ದು, ಅದನ್ನು ಹಿಡಿದಿಟ್ಟಿದ್ದ ಜಾಳಿಗೆ ಒಡೆದು, ಕಾಳುಗಳು ಪೈಪ್ ಗುಂಟ ಹರಿದು ವಾಲ್ವ್ ಬಾಯಲ್ಲಿ ಸಿಕ್ಕಿದ್ದವು. ಡಬ್ಬಿ ಹಾಗೇ ಬಿಟ್ಟಿದ್ದರೆ ಹೊಸ ವಾಲ್ವೂ ಅದೇ ದಾರಿ ಹಿಡಿಯುತ್ತಿತ್ತು.

ಡಬ್ಬಿ, ವಾಲ್ವ್ ಎರಡೂ ಹೊಸದಾಗಿ ಬಂದವು. ಪೈಪಿನ ಎರಡೂ ತುದಿ ಬಿಚ್ಚಿ ಗಾಳಿ ಹೊಡೆದು ಉಳಿದ ಕಾಳು ತೆಗೆದೆವು. ಕೋಡ್ ಅಳಿಸಿ, ಬಂಕಿಗೆ ಹೋಗಿ ಆಟೊ ಕಟ್ ಆಗುವವರೆಗೆ ಮಾತ್ರ ತುಂಬಿಸಿ, ಹತ್ತು ನಿಮಿಷ ನಿಲ್ಲಿಸಿ ಕೀಲಿ ತಿರುಗಿಸಿದಾಗ ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ರೋಗ ಕಾಣಿಸಿಕೊಳ್ಳುತ್ತಿದ್ದ ಸಂದರ್ಭದಲ್ಲೇ ಪರೀಕ್ಷೆ ಮಾಡಿದರೆ ಮಾತ್ರ ರಿಪೇರಿ ಮುಗಿದ ಹಾಗೆ. ಆ ತಿಂಗಳ ಹುಣ್ಣಿಮೆಗೆ ಕಾಕಾ ಗುಡ್ಡಕ್ಕೆ ಬಾಡಿಗೆ ಹಿಡಿದರು.

ಕಂಪ್ಯೂಟರ್ ಏಕೆ ಹೇಳಲಿಲ್ಲ?

ಪರ್ಜ್ ವಾಲ್ವ್ ಕೆಟ್ಟಿದೆ ಎಂದು ಸ್ಕ್ಯಾನರ್ ನೇರವಾಗಿ ಏಕೆ ಹೇಳಲಿಲ್ಲ? ಇದು ನಮ್ಮ ದೇಶದ ಮೆಕ್ಯಾನಿಕ್‌ಗಳು ತಿಳಿಯಲೇಬೇಕಾದ ವಿಷಯ.

ಅಂತರ್ಜಾಲದಲ್ಲಿ ಈ ರಿಪೇರಿಯ ವಿಡಿಯೊ ಹುಡುಕಿದರೆ ಹೆಚ್ಚಾಗಿ ಸಿಗುವುದು ಅಮೆರಿಕದವು. ಅಲ್ಲಿನ ಕಾರುಗಳು ಟ್ಯಾಂಕ್ ಮತ್ತು ಪೈಪುಗಳಲ್ಲಿ ಸೋರಿಕೆ ಇದೆಯೇ ಎಂದು ತಾವೇ ಪರೀಕ್ಷಿಸಿಕೊಳ್ಳಬೇಕೆಂಬ ನಿಯಮವಿದೆ. ಅರ್ಧ ಮಿಲಿಮೀಟರ್ ತೂತನ್ನೂ ಪತ್ತೆ ಹಚ್ಚುತ್ತವೆ. ಪಿ0442 ಎಂದರೆ ಸಣ್ಣ ಸೋರಿಕೆ, ಪಿ0455 ಎಂದರೆ ದೊಡ್ಡ ಸೋರಿಕೆ, ಪಿ0457 ಎಂದರೆ ಟ್ಯಾಂಕ್ ಮುಚ್ಚಳ ಸಡಿಲ. ನಮ್ಮ ನಿಯಮ ಯುರೋಪಿನ ಮಾದರಿಯದು. ಪರ್ಜ್ ವಾಲ್ವ್‌ನ ವಿದ್ಯುತ್ ಸಂಪರ್ಕ ಸರಿ ಇದೆಯೇ ಎಂದು ನೋಡುವುದಷ್ಟೇ ಅದರಲ್ಲಿ ಕನಿಷ್ಠ ಕಡ್ಡಾಯ. ಹೀಗಾಗಿ ವಯರ್ ತುಂಡಾದರೆ ಪಿ0443, ಪಿ0444ರಂಥ ಕೋಡ್ ಬರುತ್ತದೆ. ಕಾಕಾನ ವಾಲ್ವ್‌ನಲ್ಲಿ ಸುರುಳಿ, ವಯರ್ ಎರಡೂ ಸರಿ ಇದ್ದವು. ಬಾಗಿಲು ಮಾತ್ರ ಮುಚ್ಚುತ್ತಿರಲಿಲ್ಲ. ಅದು ಕಂಪ್ಯೂಟರ್‌ಗೆ ಕಾಣಲಿಲ್ಲ.

ಹೊಗೆ ತಪಾಸಣೆಯ ಪಿಯುಸಿ ಸರ್ಟಿಫಿಕೇಟ್ ಕೂಡ ಇದನ್ನು ಹಿಡಿಯುವುದಿಲ್ಲ. ಅಲ್ಲಿ ಅಳೆಯುವುದು ಸೈಲೆನ್ಸರ್‌ನಿಂದ ಬರುವುದನ್ನು ಮಾತ್ರ. ಟ್ಯಾಂಕ್ ಕಡೆಯ ಸೋರಿಕೆ ಆ ಯಂತ್ರಕ್ಕೆ ಗೊತ್ತಾಗದು. ಆದ್ದರಿಂದ ನಮ್ಮಲ್ಲಿ ಮೂಗು, ಕಿವಿ, ಪ್ರಶ್ನೆ ಕೇಳುವ ಬಾಯಿ ಇವೇ ದೊಡ್ಡ ಸಾಧನಗಳು.

ಮುಚ್ಚಳ ತೆಗೆದಾಗ 'ಸುಯ್' ಎಂದು ಗಾಳಿ ಜೋರಾಗಿ ಒಳಗೆ ಎಳೆದುಕೊಂಡರೆ ಡಬ್ಬಿಯ ಹೊರಗಾಳಿ ಬಾಯಿ ಕಟ್ಟಿರಬಹುದು. ನಮ್ಮ ಎರೆಮಣ್ಣಿನ ದಾರಿಗಳ ಧೂಳಿಗೆ ಇದು ಅಪರೂಪವಲ್ಲ. ಖಾಲಿ ಟ್ಯಾಂಕ್‌ಗೂ ಬಂಕ್ ಪೈಪ್ ಪದೇ ಪದೇ ಕಟ್ ಆಗುತ್ತಿದ್ದರೆ ಅದೂ ಇದೇ ಲಕ್ಷಣ. ಬಾಯಿ ಕಟ್ಟುವುದು ಧೂಳಿನಿಂದಲೇ ಆಗಬೇಕೆಂದಿಲ್ಲ. 2011ರಲ್ಲಿ ಮಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ 50 ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿಕೊಂಡಿದ್ದು ಈ ಪೈಪಿನಲ್ಲಿ ಜೇಡ ಬಲೆ ಕಟ್ಟುತ್ತಿದ್ದ ಕಾರಣಕ್ಕೆ! ಗಾಳಿ ಆಡದೆ ಟ್ಯಾಂಕ್ ಬಿರುಕು ಬಿಡುವ ಭಯವಿತ್ತು.

ಇನ್ನು ಸೋರಿಕೆ ಹುಡುಕಲು ದೊಡ್ಡ ಗ್ಯಾರೇಜ್‌ಗಳಲ್ಲಿ ಹೊಗೆ ಯಂತ್ರ ಇರುತ್ತದೆ. ಅತಿ ಕಡಿಮೆ ಒತ್ತಡದಲ್ಲಿ ಪೈಪಿನೊಳಗೆ ಹೊಗೆ ಬಿಟ್ಟರೆ ತೂತು ಇರುವಲ್ಲಿ ಎಳೆ ಎಳೆಯಾಗಿ ಹೊರಗೆ ಬರುತ್ತದೆ. ಟೈರಿಗೆ ಹೊಡೆಯುವ ಗಾಳಿಯನ್ನು ಟ್ಯಾಂಕ್‌ಗೆ ಎಂದೂ ಹೊಡೆಯಬಾರದು, ಟ್ಯಾಂಕ್ ಒಡೆಯುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಗ್ಯಾರೇಜಿನ ಗುಂಡಿಯಲ್ಲಿ ಇಳಿದು ಕೂರುತ್ತದೆ, ಒಂದು ಕಿಡಿ ಸಾಕು. ಬಯಲಲ್ಲಿ, ಬೀಡಿ-ಬೆಂಕಿ ದೂರವಿಟ್ಟು, ಎಂಜಿನ್ ತಣಿದ ಮೇಲೆ, ಬ್ಯಾಟರಿ ಟರ್ಮಿನಲ್ ತೆಗೆದೇ ಈ ಸಾಮಾನು ಬಿಚ್ಚಬೇಕು. ವಾಲ್ವನ್ನು ಬಾಯಲ್ಲಿ ಊದಿ ನೋಡುವ ಅಭ್ಯಾಸವನ್ನೂ ಬಿಡಬೇಕು.

ನಮ್ಮ ಕಬ್ಬು, ನಮ್ಮ ಬಿಸಿಲು

ಈ ವಿಷಯ ನಮ್ಮ ಭಾಗಕ್ಕೆ ಇನ್ನೊಂದು ರೀತಿಯಲ್ಲೂ ಹತ್ತಿರ. ಮಲಪ್ರಭೆಯ ದಂಡೆಯಲ್ಲಿ ಬೆಳೆಯುವ ಕಬ್ಬು ಈಗ ಸಕ್ಕರೆಯಷ್ಟೇ ಆಗುವುದಿಲ್ಲ. ಬೆಳಗಾವಿ ಜಿಲ್ಲೆಯ ಹಲವು ಕಾರ್ಖಾನೆಗಳಲ್ಲಿ ಎಥೆನಾಲ್ ಕೂಡ ತಯಾರಾಗುತ್ತದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್‌ಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ರೈತನಿಗೆ ಇದರಿಂದ ಮಾರುಕಟ್ಟೆ ಸಿಕ್ಕಿದೆ. ಅದೇ ಹೊತ್ತಿಗೆ ಮೆಕ್ಯಾನಿಕ್‌ಗೆ ಹೊಸ ಪಾಠವೂ ಬಂದಿದೆ. ಎಥೆನಾಲ್ ಸ್ವಲ್ಪ ಬೆರೆತಾಗ ಅದೇ ಪೆಟ್ರೋಲ್‌ನ ಆವಿ ಒತ್ತಡ ಏರುತ್ತದೆ. ಎಥೆನಾಲ್‌ಗೆ ಒಗ್ಗದ ಹಳೆಯ ರಬ್ಬರ್ ಪೈಪುಗಳು ಉಬ್ಬಿ, ಬಿರುಕು ಬಿಟ್ಟು ಆವಿ ಬಿಡುತ್ತವೆ. ಹಳೆಯ ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಮೊದಲು ಈ ಪೈಪುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಬೇಕು.

ಇದರಲ್ಲಿ ಕೆಲಸ ಎಲ್ಲಿದೆ?

'ಎಲ್ಲಾ ಎಲೆಕ್ಟ್ರಿಕ್ ಆಗುತ್ತದೆ, ಪೆಟ್ರೋಲ್ ಗಾಡಿ ಕಲಿತು ಏನು ಮಾಡುವುದು?' ಎಂದು ಗೆಳೆಯರು ಕೇಳುತ್ತಾರೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಇವತ್ತು ಶೋರೂಂನಿಂದ ಹೊರಬೀಳುವ ಪೆಟ್ರೋಲ್ ಕಾರು ಮುಂದಿನ ದಶಕದಲ್ಲೂ ಬೈಲಹೊಂಗಲದ ರಸ್ತೆಯಲ್ಲಿರುತ್ತದೆ. ವಾರಂಟಿ ಮುಗಿದ ಮೇಲೆ ಅದು ಬರುವುದು ನಮ್ಮಂಥ ಊರಿನ ಗ್ಯಾರೇಜ್‌ಗೆ. ಅಲ್ಲಿ ಸಾಮಾನು ಬದಲಿಸುವ ಕೈಗಳು ಸಾಕಷ್ಟಿವೆ. ರೋಗ ಹುಡುಕುವವರು ಕಡಿಮೆ. ಕಾಕಾನ ಗಾಡಿಯಲ್ಲಿ ವ್ಯತ್ಯಾಸ ಮಾಡಿದ್ದು ಆ ಹುಡುಕುವ ಕಲೆಯೇ. ಎಲೆಕ್ಟ್ರಿಕ್ ಗಾಡಿ ಬಂದರೂ ಅದು ವ್ಯರ್ಥವಾಗುವುದಿಲ್ಲ. ವಯರಿಂಗ್ ನಕ್ಷೆ ಓದುವುದು, ಮಲ್ಟಿಮೀಟರ್ ಹಿಡಿಯುವುದು, ಒಂದೊಂದೇ ಸಾಧ್ಯತೆ ತಳ್ಳಿಹಾಕುತ್ತ ಹೋಗುವುದು ಅಲ್ಲೂ ಬೇಕು.

ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಐಟಿಐನಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎಂಬ ಎರಡು ವರ್ಷದ ಟ್ರೇಡ್ ಇದೆ. ಪಾಲಿಟೆಕ್ನಿಕ್‌ಗಳಲ್ಲಿ ಆಟೊಮೊಬೈಲ್ ಡಿಪ್ಲೊಮಾ ಇದೆ. ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುತ್ತಲೇ ಕಲಿಯಬಹುದು. ಇದಾವುದೂ ಆಗದಿದ್ದರೂ, ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಓಬಿಡಿ ಅಡಾಪ್ಟರ್ ಒಂದನ್ನು ಕಾರಿನ ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಚುಚ್ಚಿ, ಮೊಬೈಲ್‌ನಲ್ಲಿ ಲೈವ್ ಡೇಟಾ ನೋಡುವ ಅಭ್ಯಾಸ ಮಾಡಿಕೊಳ್ಳಬಹುದು. ಮೊದಲು ಒಳ್ಳೆಯ ಗಾಡಿಯ ಅಂಕಿಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಆರೋಗ್ಯ ಹೇಗಿರುತ್ತದೆ ಎಂದು ಗೊತ್ತಿದ್ದವನಿಗೆ ಮಾತ್ರ ರೋಗ ಕಾಣುತ್ತದೆ.

ಪಿಯುಸಿ ಕೆಮಿಸ್ಟ್ರಿಯಲ್ಲಿ ಆವಿ ಒತ್ತಡ, ಅಧಿಶೋಷಣೆ ಎಂಬ ಪಾಠ ಓದಿ, ಪರೀಕ್ಷೆ ಬರೆದು, ಮರೆತವರು ನಮ್ಮಲ್ಲಿ ಬಹಳ. ಆ ಎರಡು ಪಾಠ ಸೇರಿದರೆ ಈ ಇಡೀ ವ್ಯವಸ್ಥೆ. ಓದಿದ್ದು ಕೈಗೆ ಬಂದರೆ ಅದಕ್ಕೆ ಗಿರಾಕಿ ಇದ್ದೇ ಇರುತ್ತಾನೆ, ಅದಕ್ಕಾಗಿ ಎಲ್ಲರೂ ಪುಣೆ, ಬೆಂಗಳೂರಿನ ಬಸ್ ಹತ್ತಬೇಕಾಗಿಲ್ಲ.

ಗಾಡಿ ಓಡಿಸುವವರಿಗೆ ಹೇಳುವುದು ಇಷ್ಟೇ. ಪೈಪ್ 'ಟಕ್' ಎಂದಾಗ ಸಾಕು ಎನ್ನಿ. ಮುಚ್ಚಳವನ್ನು ಟಿಕ್ ಟಿಕ್ ಎನ್ನುವವರೆಗೆ ತಿರುಗಿಸಿ. ಪೆಟ್ರೋಲ್ ವಾಸನೆ ಬಂದರೆ ಕಿಟಕಿ ಇಳಿಸಿ ಸುಮ್ಮನಾಗಬೇಡಿ, ಗ್ಯಾರೇಜ್‌ಗೆ ಹೋಗಿ. ಅಲ್ಲಿ ಸಾಮಾನಿನ ಪಟ್ಟಿ ಕೊಡುವ ಮೊದಲು 'ಯಾವಾಗ ಹೀಗಾಗುತ್ತದೆ?' ಎಂದು ಕೇಳುವ ಮಿಸ್ತ್ರಿ ಸಿಕ್ಕರೆ ಅವರ ನಂಬರ್ ಬರೆದಿಟ್ಟುಕೊಳ್ಳಿ.